ಕಪ್ಪತಗುಡ್ಡದ ಮಗ್ಗುಲಲ್ಲಿ ಒಂದು ರಾತ್ರಿ: ಚೀಲ ಹುಡುಗರೇ ತುಂಬಲಿ

ಕತ್ತಲಾಗಿದೆ, ಟೆಂಟಿನೊಳಗೆ ಏನೋ ಹರಿದಾಡಿದ ಹಾಗಿದೆ. "ಟಾರ್ಚ್ ಎಲ್ಲಿ ಐತೋ?" ಅಂದರೆ ಉತ್ತರ: "ಗೊತ್ತಿಲ್ರೀ ಸರ್, ನಮ್ಮವ್ವ ಇಟ್ಟಾಳ." ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಮಕ್ಕಳನ್ನು ಚಾರಣಕ್ಕೆ ಕರೆದೊಯ್ದವರೆಲ್ಲ ಈ ಮಾತು ಕೇಳಿರುತ್ತಾರೆ. ಚೀಲ ತುಂಬಿದವರು ಒಬ್ಬರು, ಹೊತ್ತವರು ಇನ್ನೊಬ್ಬರು. ಕೆಳಗೆ ಹೇಳುವ ತಯಾರಿಯೆಲ್ಲ ಈ ಒಂದು ತೊಡಕನ್ನು ಬಿಡಿಸುವುದಕ್ಕೇ ಇದೆ: ಗುಡ್ಡದ ಮೇಲೆ ಮಾಡಬೇಕಾದ ಪ್ರತಿ ಕೆಲಸವನ್ನೂ ಮಕ್ಕಳು ಊರಲ್ಲೇ ಒಮ್ಮೆ ತಮ್ಮ ಕೈಯಾರೆ ಮಾಡಿರಬೇಕು.

ಲೆಕ್ಕಗಳನ್ನೆಲ್ಲ 12 ಮಕ್ಕಳು, 3 ಹಿರಿಯರು ಎಂದು ಹಿಡಿದು ಕೊಟ್ಟಿದೆ. ಹಿರಿಯರಲ್ಲಿ ಒಬ್ಬರು ಮುಂದೆ, ಒಬ್ಬರು ಎಲ್ಲರ ಹಿಂದೆ, ಮೂರನೆಯವರು ವಾಹನದ ಜೊತೆ. ಹುಡುಗಿಯರಿದ್ದರೆ ಒಬ್ಬ ಮಹಿಳೆ ಇರಲೇಬೇಕು. ವಾಹನದ ಜೊತೆಗಲ್ಲ, ನಡೆಯುವ ಗುಂಪಿನಲ್ಲಿ.

ಎಲ್ಲಿ, ಯಾವಾಗ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲರಿಗೂ ಎಟುಕುವ ಗುಡ್ಡವೆಂದರೆ ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿರುವ ಈ ಸಾಲು 2019ರಿಂದ ವನ್ಯಜೀವಿಧಾಮ. ಆದ್ದರಿಂದ ಒಳಗೆ ಮನಬಂದಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ. ಹಗಲು ನಡೆಯುವುದಕ್ಕೂ ಗದಗದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಮಕ್ಕಳ ಹೆಸರಿನ ಪಟ್ಟಿ, ವಾಹನದ ನಂಬರು, ದಾರಿಯ ವಿವರ ಬರೆದಿಟ್ಟುಕೊಂಡು ಹೋದರೆ ಎರಡನೆಯ ಸಲ ಓಡಾಡುವುದು ತಪ್ಪುತ್ತದೆ. ಚಿರತೆ, ಕತ್ತೆಕಿರುಬ, ತೋಳ ಇರುವ ಗುಡ್ಡ ಇದು. ಹಗಲು ಗುಡ್ಡದಲ್ಲಿ ನಡೆದು, ರಾತ್ರಿ ಕೆಳಗೆ ದಂಬಳ ಅಥವಾ ಡೋಣಿ ಕಡೆ ಪರಿಚಯದ ರೈತರ ಹೊಲದಲ್ಲಿ ಉಳಿಯುವುದೇ ಮೊದಲ ಸಲದವರಿಗೆ ಸರಿ.

ತಿಂಗಳು ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ. ಫೆಬ್ರವರಿ ದಾಟಿತೆಂದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಕಾಲ, ನೆರಳೂ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು; ಮರವಿಲ್ಲದ ಗುಡ್ಡದ ನೆತ್ತಿಯ ಮೇಲೆ ಮಕ್ಕಳನ್ನು ನಿಲ್ಲಿಸುವ ಕಾಲವಲ್ಲ ಅದು. ದಸರಾ ರಜೆ ಎಲ್ಲರಿಗೂ ಅನುಕೂಲ, ಆದರೆ ಅಕ್ಟೋಬರಿನಲ್ಲಿ ಮಳೆ ಇನ್ನೂ ಪೂರ್ತಿ ಹಿಂದೆಗೆದಿರುವುದಿಲ್ಲ. ಎರಿ ಭೂಮಿಯಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಹತ್ತು ಹೆಜ್ಜೆಗೆ ಬೂಟಿನ ಅಡಿ ಕೇಜಿಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ, ಸಾಮಾನು ತಂದ ಟಂಟಂ ಗಾಡಿ ಹೊಲದಿಂದ ಹೊರಗೆ ಬರುವುದಿಲ್ಲ. ಹೊರಡುವ ಮುಂಚಿನ ಎರಡು ದಿನದಲ್ಲಿ ಅಲ್ಲಿ ಮಳೆಯಾಗಿದ್ದರೆ ದಿನಾಂಕ ಮುಂದೂಡಿ. ಮಿಂಚಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಹಿರಿಯರ ಫೋನಿನಲ್ಲಿ ಇರಲಿ.

ಆರು ವಾರದ ನಡಿಗೆ

ಮೈದಾನದಲ್ಲಿ ದಿನಾ ಕಬಡ್ಡಿ ಆಡುವ ಹುಡುಗನಿಗೂ ಚೀಲ ಹೊತ್ತು ನಾಲ್ಕು ತಾಸು ನಡೆಯುವುದು ಬೇರೆಯೇ ಕಸರತ್ತು. ಹೆಗಲು, ಸೊಂಟ, ಮೊಣಕಾಲು ಈ ಮೂರೂ ಹೊಸದಾಗಿ ಕಲಿಯಬೇಕು.

ಮೊದಲ ಎರಡು ವಾರ ಬರಿಗೈ ನಡಿಗೆ, ವಾರಕ್ಕೆ ಎರಡು ಸಲ, 4ರಿಂದ 5 ಕಿ.ಮೀ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಧಾರವಾಡದವರಿಗೆ ಕೆಲಗೇರಿ ಕೆರೆ, ಹಾವೇರಿಯವರಿಗೆ ಹೆಗ್ಗೇರಿ ಕೆರೆ. ಮೂರು ಮತ್ತು ನಾಲ್ಕನೆಯ ವಾರ ಚೀಲದಲ್ಲಿ ಒಂದೊಂದು ಲೀಟರಿನ ನಾಲ್ಕು ನೀರಿನ ಬಾಟಲಿ ಹಾಕಿಕೊಂಡು 8 ಕಿ.ಮೀ. ಪುಸ್ತಕ ತುಂಬಿಸಬೇಡಿ, ಬೆನ್ನು ನೋವು ಅಂದಾಗ ನೀರಾದರೆ ಅಲ್ಲೇ ಚೆಲ್ಲಿ ಭಾರ ಇಳಿಸಬಹುದು. ಐದನೆಯ ವಾರ ಏರಿಳಿತ. ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಚೀಲದೊಂದಿಗೆ ಮೂರು ಸಲ ಹತ್ತಿ ಇಳಿಸಿ. ಇಳಿಯುವಾಗಲೇ ಕಾಲ್ಬೆರಳು ಬೂಟಿನ ಮುಂದಕ್ಕೆ ಬಡಿಯುತ್ತದೆ, ಮೊಣಕಾಲು ನಡುಗುತ್ತದೆ. ಯಾರ ಬೂಟು ಸರಿಯಿಲ್ಲವೆಂದು ತಿಳಿಯುವುದು ಇಳಿಜಾರಿನಲ್ಲಿ. ಆರನೆಯ ವಾರ ಪೂರ್ತಿ ಭಾರದೊಂದಿಗೆ 10 ಕಿ.ಮೀ. ನಡೆದು, ಆ ರಾತ್ರಿ ಯಾರದಾದರೂ ಮಾಳಿಗೆಯ ಮೇಲೋ ಶಾಲೆಯ ಅಂಗಳದಲ್ಲೋ ಮಲಗಬೇಕು. ಟೆಂಟ್ ಹಾಕುವುದು ದೀಪ ಆರಿಸಿ, ಬರೀ ಟಾರ್ಚಿನ ಬೆಳಕಲ್ಲಿ. ಈ ಒಂದು ರಾತ್ರಿಯನ್ನು ಬಿಟ್ಟರೆ ಬಾಕಿ ಐದು ವಾರದ ಅರ್ಧ ಲಾಭ ಹೋದಂತೆ: ಯಾರಿಗೆ ನೆಲದ ಮೇಲೆ ನಿದ್ದೆ ಬರುವುದಿಲ್ಲ, ಯಾರ ಟಾರ್ಚಿನ ಸೆಲ್ ಸತ್ತಿದೆ, ಯಾವ ಟೆಂಟಿನ ಕೋಲು ಮುರಿದಿದೆ ಎಲ್ಲ ಅಂದೇ ಗೊತ್ತಾಗುತ್ತದೆ, ಮನೆ ಹತ್ತಿರವಿದ್ದಾಗಲೇ.

ವೇಗದ ಲೆಕ್ಕ ಗಂಟೆಗೆ 3 ಕಿ.ಮೀ., ಅದಕ್ಕಿಂತ ಹೆಚ್ಚು ಹಿಡಿಯಬೇಡಿ. 12 ಕಿ.ಮೀ. ದಾರಿಗೆ 4 ತಾಸು, 300 ಮೀಟರ್ ಏರಿಗೆ ಇನ್ನರ್ಧ ತಾಸು, ತಾಸಿಗೊಮ್ಮೆ 10 ನಿಮಿಷದ ವಿಶ್ರಾಂತಿ, ಊಟಕ್ಕೆ ಮುಕ್ಕಾಲು ತಾಸು ಸೇರಿದರೆ 6 ತಾಸು. ಬೆಳಿಗ್ಗೆ ಏಳೂವರೆಗೆ ಹೊರಟರೆ ಒಂದೂವರೆ. ಒಬ್ಬರ ಕಾಲು ಉಳುಕಿ, ಒಂದು ಕಡೆ ದಾರಿ ತಪ್ಪಿ ಒಂದೂವರೆ ತಾಸು ಹೋದರೂ ಮೂರಕ್ಕೆ ತಲುಪಬಹುದು. ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಾಲ್ಕರೊಳಗೆ ತಲುಪದ ಯೋಜನೆ ಯೋಜನೆಯಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಸಾಲಿನಲ್ಲಿ ಮುಂದಿನ ಹಿರಿಯರ ಬೆನ್ನಿಗೇ ನಿಲ್ಲಿಸಿ. ಕೊನೆಗೆ ಬಿಟ್ಟರೆ ಅವರು ಬಂದು ಮುಟ್ಟುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದು ಎದ್ದು ನಿಂತಿರುತ್ತಾರೆ. ವಿಶ್ರಾಂತಿ ಬೇಕಾದವರಿಗೇ ಸಿಗುವುದಿಲ್ಲ.

ಕಾಲು

ಶಾಲೆಯ ಕರಿ ಬೂಟು ಬೇಡ, ಅದರ ಅಡಿ ಗರಸಿನ ಮೇಲೆ ಜಾರುತ್ತದೆ. ಪಿ.ಟಿ.ಯ ಬಿಳಿ ಕ್ಯಾನ್ವಾಸಿನ ತಳ ತೆಳುವು, ಕಲ್ಲು ಚುಚ್ಚುತ್ತದೆ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಸಾದಾ ಸ್ಪೋರ್ಟ್ಸ್ ಬೂಟು ಸಾಕು. ದುಬಾರಿ ಟ್ರೆಕ್ಕಿಂಗ್ ಬೂಟು ಈ ವಯಸ್ಸಿನಲ್ಲಿ ದುಡ್ಡಿಗೆ ದಂಡ, ಆರು ತಿಂಗಳಿಗೆ ಕಾಲು ಬೆಳೆದಿರುತ್ತದೆ. ಕೊಳ್ಳುವಾಗ ಸಂಜೆ ಹೋಗಿ, ಹಗಲೆಲ್ಲ ಓಡಾಡಿದ ಕಾಲು ಸ್ವಲ್ಪ ಉಬ್ಬಿರುತ್ತದೆ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ದಾರ ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಹೊಸ ಬೂಟನ್ನು ಮೊದಲ ಸಲ ಗುಡ್ಡದಲ್ಲೇ ಹಾಕಿದವರ ಹಿಮ್ಮಡಿಯಲ್ಲಿ ಮಧ್ಯಾಹ್ನದೊಳಗೆ ಬೊಬ್ಬೆ ಎದ್ದಿರುತ್ತದೆ. ಕಡಿಮೆಯೆಂದರೂ 30 ಕಿ.ಮೀ. ಊರಲ್ಲೇ ಸವೆಸಿರಬೇಕು.

ಬೊಬ್ಬೆ ಏಳುವ ಮುಂಚೆ ಅಲ್ಲಿ ಬಿಸಿಯಾದಂತೆ, ಉರಿದಂತೆ ಆಗುತ್ತದೆ. ಆ ಕ್ಷಣಕ್ಕೆ ಹೇಳುವುದನ್ನು ಮಕ್ಕಳಿಗೆ ಕಲಿಸಿ. ಹದಿನಾಲ್ಕರ ಹುಡುಗ ಗೆಳೆಯರ ಮುಂದೆ ಹೇಳುವುದಿಲ್ಲ, ನುಂಗಿಕೊಂಡು ನಡೆಯುತ್ತಾನೆ. ಆಮೇಲೆ ಅವನ ಚೀಲ ಬೇರೆಯವರು ಹೊರಬೇಕಾಗುತ್ತದೆ. ಅದಕ್ಕೆ ಮೊದಲ ವಿಶ್ರಾಂತಿಯಲ್ಲಿ ಎಲ್ಲರೂ, ಹಿರಿಯರು ಮೊದಲಾಗಿ, ಬೂಟು ಬಿಚ್ಚಿ ಕಾಲು ನೋಡಿಕೊಳ್ಳುವ ಪದ್ಧತಿ ಇಟ್ಟರೆ ಯಾರಿಗೂ ಮುಜುಗರವಿಲ್ಲ. ಕೆಂಪಾದ ಜಾಗವನ್ನು ಒರೆಸಿ ಒಣಗಿಸಿ, ಆಸ್ಪತ್ರೆಯಲ್ಲಿ ಬಳಸುವ ಕಾಗದದ ಅಂಟುಪಟ್ಟಿಯನ್ನು ಸುಕ್ಕಿಲ್ಲದೆ ಹಚ್ಚಿ. ಬೊಬ್ಬೆ ಎದ್ದುಬಿಟ್ಟಿದ್ದರೆ ಒಡೆಯಬೇಡಿ. ಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ ಹಚ್ಚಿದರೆ ಕಾಲುಚೀಲಕ್ಕೆ ಸಿಕ್ಕಿ ಕಿತ್ತುಬರುವುದಿಲ್ಲ. ಚಿಕ್ಕ ಕೆಲಸ, ಆದರೆ ಚೌಕವಾಗಿ ಹಚ್ಚಿದ ಪಟ್ಟಿ ಅರ್ಧ ತಾಸೂ ನಿಲ್ಲುವುದಿಲ್ಲ.

ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗೇ ಉಳಿದು ಚರ್ಮವನ್ನು ಮೆತ್ತಗೆ ಮಾಡುತ್ತದೆ. ಆಟದ ಸಾಮಾನಿನ ಅಂಗಡಿಯ ಪಾಲಿಯೆಸ್ಟರ್ ಕಾಲುಚೀಲ ತನ್ನಿ, ಮೂರು ಜೊತೆ. ಒಂದು ಜೊತೆ ಮಲಗುವುದಕ್ಕೇ ಮೀಸಲು. ಚಳಿಗಾಲದಲ್ಲಿ ಗುಡ್ಡದ ಹುಲ್ಲಿನ ಒಣ ಬೀಜಗಳು ಸೂಜಿಯ ಹಾಗೆ ಕಾಲುಚೀಲದೊಳಗೆ ಹೊಕ್ಕುತ್ತವೆ, ಅಡ್ಡಿಪಡಿಸಲು ಉದ್ದ ಪ್ಯಾಂಟೇ ಬೇಕು. ಜೀನ್ಸ್ ಮಾತ್ರ ಬೇಡ. ಉಗುರನ್ನು ಎರಡು ದಿನ ಮುಂಚೆ ಕತ್ತರಿಸಿಕೊಳ್ಳಲಿ.

ಏಳು ಕೇಜಿ, ಕೌದಿ ಇಲ್ಲದೆ

ಮಗುವಿನ ತೂಕದ ನೂರಕ್ಕೆ 15 ಭಾಗ ಚೀಲದ ತೂಕ. 20 ಭಾಗ ದಾಟಲೇಬಾರದು. 45 ಕೇಜಿ ತೂಗುವ ಹುಡುಗಿಗೆ ಏಳು ಕೇಜಿಯ ಆಸುಪಾಸು. ಅದು ಹೀಗೆ ಮುಗಿದುಹೋಗುತ್ತದೆ:

ಖಾಲಿ ಚೀಲ: 1.2 ಕೇಜಿ
ಸ್ಲೀಪಿಂಗ್ ಬ್ಯಾಗ್: 1.2 ಕೇಜಿ
ಫೋಮ್ ಚಾಪೆ: 300 ಗ್ರಾಂ
ಮೂವರ ಟೆಂಟಿನಲ್ಲಿ ತನ್ನ ಪಾಲು: 900 ಗ್ರಾಂ
ನೀರು 2 ಲೀಟರ್: 2 ಕೇಜಿ
ಬುತ್ತಿ: 600 ಗ್ರಾಂ
ಬಟ್ಟೆ, ಸ್ವೆಟರ್: 800 ಗ್ರಾಂ
ತಾಟು, ಲೋಟ, ಟಾರ್ಚ್, ಸೀಟಿ, ಬ್ರಶ್: 400 ಗ್ರಾಂ

ಕೂಡಿದರೆ 7.4 ಕೇಜಿ. ಇದರ ಮೇಲೆ ಆಯಿ "ಥಂಡಿ ಐತಿ" ಎಂದು ಕೌದಿ ತುರುಕಿದರೆ ಒಮ್ಮೆಗೇ ಎರಡೂವರೆ ಮೂರು ಕೇಜಿ. ಕೌದಿಗಿಂತ ಒಳ್ಳೆಯ ಹಾಸಿಗೆ ಇಲ್ಲ, ಅದರಲ್ಲಿ ಎರಡು ಮಾತಿಲ್ಲ, ಆದರೆ ಅದು ಬರುವುದಾದರೆ ವಾಹನದಲ್ಲಿ ಬರಲಿ. ನಿಜಕ್ಕೂ ಚಳಿ ಕೆಳಗಿನಿಂದ, ನೆಲದಿಂದ ಏರುತ್ತದೆ. ಮೇಲೆ ಎರಡು ಚಾದರ ಹೊದ್ದು ಕೆಳಗೆ ಏನೂ ಇಲ್ಲದವನು ನಡುಗುತ್ತಾನೆ. ಕೆಳಗೆ ಫೋಮ್ ಚಾಪೆ ಹಾಕಿ ಮೇಲೆ ಒಂದೇ ಹೊದ್ದವನು ಗೊರಕೆ ಹೊಡೆಯುತ್ತಾನೆ.

ತುಂಬುವ ಕ್ರಮ: ಸ್ಲೀಪಿಂಗ್ ಬ್ಯಾಗ್ ಎಲ್ಲಕ್ಕಿಂತ ಕೆಳಗೆ. ಭಾರದವು, ಅಂದರೆ ನೀರು ಮತ್ತು ಟೆಂಟು, ನಡುವೆ ಬೆನ್ನಿಗೆ ಅಂಟಿಕೊಂಡು. ಹೊರಮಗ್ಗುಲಿಗೆ ಭಾರ ಇಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗಿ ನಡೆಯುತ್ತದೆ. ಬುತ್ತಿ, ಸ್ವೆಟರ್ ಮೇಲೆ. ಟಾರ್ಚ್, ಸೀಟಿ ಹೊರಜೇಬಿನಲ್ಲಿ, ಯಾವಾಗಲೂ ಅದೇ ಜೇಬಿನಲ್ಲಿ. ಒಳಗಿರುವುದನ್ನೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿಟ್ಟರೆ ಮಳೆಯ ಚಿಂತೆಯಿಲ್ಲ. ಸೊಂಟದ ಪಟ್ಟಿ ಇರುವ ಚೀಲವೇ ಬೇಕು. ಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಮೊದಲು ಅದನ್ನು ಬಿಗಿದು, ಆಮೇಲೆ ಹೆಗಲಿನ ಪಟ್ಟಿ ಎಳೆದುಕೊಳ್ಳಲಿ.

ಹೊರಡುವ ಎರಡು ದಿನ ಮುಂಚೆ ಎಲ್ಲರನ್ನೂ ಚೀಲದೊಂದಿಗೆ ಕರೆಸಿ. ಸಾಮಾನೆಲ್ಲ ಜಮಖಾನದ ಮೇಲೆ ಸುರಿಸಿ, ಪಟ್ಟಿ ಓದುತ್ತ ಹೋದಂತೆ ತಾವೇ ಮತ್ತೆ ತುಂಬಲಿ. ಕಣ್ಣು ಮುಚ್ಚಿ ಟಾರ್ಚ್ ತೆಗೆದು ತೋರಿಸಬೇಕು. ಆಮೇಲೆ ಮನೆಗೆ ಹೋದ ಚೀಲದ ಜಿಪ್ಪನ್ನು ಮನೆಯವರು ಬಿಚ್ಚುವ ಹಾಗಿಲ್ಲ. ಬಿಚ್ಚುತ್ತಾರೆ, ಆ ಮಾತು ಬೇರೆ. ಹೊರಡುವ ದಿನ ಮತ್ತೊಮ್ಮೆ ತೂಗಿದರೆ ಎಷ್ಟು ಚಕ್ಕುಲಿ ಸೇರಿಕೊಂಡಿದೆಯೆಂದು ತಕ್ಕಡಿಯೇ ಹೇಳುತ್ತದೆ.

ಬುತ್ತಿ, ನೀರು

ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಹಗುರ. ಆದರೆ ಚೀಲದಲ್ಲಿ ಪುಡಿಯಾಗುತ್ತದೆ, ಒಣ ರೊಟ್ಟಿಗೆ ಖಾರದ ಪುಡಿ ಹಚ್ಚಿ ತಿಂದರೆ ಬಾಯಾರಿಕೆ ಹೆಚ್ಚು. ಎರಡು ಸ್ಟೀಲ್ ತಾಟುಗಳ ನಡುವೆ ಇಟ್ಟು, ಅರಿವೆಯಿಂದ ಬಿಗಿಯಾಗಿ ಕಟ್ಟಿ ಚೀಲದ ಎಲ್ಲಕ್ಕಿಂತ ಮೇಲೆ ಇಡಿ. ತಿನ್ನುವ ಹತ್ತು ನಿಮಿಷ ಮುಂಚೆ ನೀರು ಚಿಮುಕಿಸಿ ಅದೇ ಅರಿವೆಯಲ್ಲಿ ಸುತ್ತಿದರೆ ಮೆತ್ತಗಾಗುತ್ತದೆ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಣ್ಣ ಬಾಟಲಿಯಲ್ಲಿ ಎಣ್ಣೆ, ಬೆಲ್ಲ. ಎಣ್ಣಿಗಾಯಿ ಆಸೆ ಬೇಡ, ಬಿಸಿಲಲ್ಲಿ ಮಧ್ಯಾಹ್ನದೊಳಗೆ ಹುಳಿ ವಾಸನೆ ಬರುತ್ತದೆ. ನಡೆಯುತ್ತ ತಿನ್ನಲು ತಲೆಗೆ ನಾಲ್ಕು ಶೇಂಗಾ ಉಂಡಿ, ಎರಡು ಬಾಳೆಹಣ್ಣು.

ರಾತ್ರಿಗೆ ಖಿಚಡಿ. 15 ಜನಕ್ಕೆ ಅಕ್ಕಿ 1.6 ಕೇಜಿ, ಹೆಸರುಬೇಳೆ 600 ಗ್ರಾಂ, ನೀರು 8 ಲೀಟರ್, ಉಪ್ಪು 70ರಿಂದ 80 ಗ್ರಾಂ. ಉಪ್ಪನ್ನು ಮನೆಯಲ್ಲೇ ತೂಗಿ ಪೊಟ್ಟಣ ಕಟ್ಟಿ. ಕತ್ತಲಲ್ಲಿ ಇಬ್ಬರು ಒಂದೊಂದು ಸಲ ಹಾಕುವುದು ನಡೆದೇ ನಡೆಯುತ್ತದೆ. ಪಾತ್ರೆ 15 ಲೀಟರಿನದು. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, 1.2 ಕೇಜಿ. ಸುಸಲಾ ಎಲ್ಲರಿಗೂ ಇಷ್ಟ, ಆದರೆ ಚುರುಮುರಿ ತೊಯ್ಸಲು ಬೇಕಾಗುವ ನೀರು ಅಲ್ಲಿ ಎಲ್ಲಿಂದ ತರುವುದು?

ಒಲೆಗೆ 5 ಕೇಜಿ ಸಿಲಿಂಡರ್, ಅದು ವಾಹನದಲ್ಲಿ. ಕಪ್ಪತಗುಡ್ಡದ ಗಾಳಿ ಅಷ್ಟಿಷ್ಟಲ್ಲ, ಸುಮ್ಮನೆ ಅಲ್ಲಿ ಗಾಳಿಯಂತ್ರ ನಿಲ್ಲಿಸಿಲ್ಲ. ಗಾಳಿ ತಡೆಯಲು ತಗಡು ನಿಲ್ಲಿಸುವಾಗ ಸುತ್ತಲೂ ಮುಚ್ಚಬೇಡಿ: ಬರ್ನರ್ ಸಿಲಿಂಡರಿನ ತಲೆಯ ಮೇಲೇ ಇರುವುದರಿಂದ ಶಾಖ ಒಳಗೇ ಸಿಕ್ಕಿ ಸಿಲಿಂಡರ್ ಕಾಯುತ್ತದೆ. ಗಾಳಿ ಬರುವ ಒಂದೇ ಮಗ್ಗುಲಿಗೆ ತಡೆ ಇರಲಿ. ಕಟ್ಟಿಗೆ ಬೆಂಕಿ ಪೂರ್ತಿ ಬೇಡ. ಹಾಡು ಹೇಳಲು ನಡುವೆ ಒಂದು ಲಾಟೀನು ಇಟ್ಟರೂ ಆಗುತ್ತದೆ.

ಚಳಿಗಾಲದಲ್ಲಿ ಗುಡ್ಡದ ನೀರನ್ನು ನಂಬಿ ಹೋಗಬೇಡಿ. ಅಡುಗೆಗೆ 8, ನಾಷ್ಟಾ ಚಹಾಕ್ಕೆ 6, ಸಂಜೆಯಿಂದ ಬೆಳಗಿನವರೆಗೆ ತಲೆಗೆ ಒಂದೂವರೆ, ಮರುದಿನ ಹೊರಲು ತಲೆಗೆ 2: ಸುಮಾರು 67 ಲೀಟರ್. 20 ಲೀಟರಿನ ನಾಲ್ಕು ಕ್ಯಾನು. ತೊಳೆಯುವ ನೀರನ್ನು ಹೊಲದ ಬೋರಿನಿಂದ ಬೇರೆ ತುಂಬಿಕೊಳ್ಳಿ. ನಡೆಯುವಾಗ ಬಾಯಾರಿದ ಮೇಲೆ ಕುಡಿಯುವುದಲ್ಲ, ಪ್ರತಿ ವಿಶ್ರಾಂತಿಗೆ ಐದಾರು ಗುಟುಕು. ತಲೆನೋವು, ಸಿಡುಕು, ಮಾತು ನಿಂತುಹೋಗುವುದು ಶುರುವಾದರೆ ನೆರಳಿಗೆ ಕೂರಿಸಿ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಲೋಟದ ನೀರಿಗೆ ಅರ್ಧ ಪೊಟ್ಟಣ ಸುರಿದರೆ ವಾಂತಿಯಾಗುತ್ತದೆ.

ಎಲ್ಲರ ಮುಂದೆ ಆಡಬೇಕಾದ ಮಾತು

ಹುಡುಗಿಯರು ದಾರಿಯಲ್ಲಿ ನೀರು ಕುಡಿಯುವುದಿಲ್ಲ. ಮರೆ ಎಲ್ಲಿ ಸಿಗುತ್ತದೋ ಎಂಬ ಭಯ. ಯಾರೂ ಬಾಯಿ ಬಿಟ್ಟು ಹೇಳದ ಈ ಕಾರಣಕ್ಕೇ ಮಧ್ಯಾಹ್ನದ ತಲೆಸುತ್ತು ಬರುವುದು. ಆದ್ದರಿಂದ ಪಾಲಕರ ಸಭೆಯಲ್ಲಿ, ಹುಡುಗರ ಎದುರಿಗೇ, ವ್ಯವಸ್ಥೆಯನ್ನು ಬಿಡಿಸಿ ಹೇಳಿ. ವಿಶ್ರಾಂತಿಯಲ್ಲಿ ಹುಡುಗಿಯರು ದಾರಿಯ ಒಂದು ಕಡೆ, ಹುಡುಗರು ಇನ್ನೊಂದು ಕಡೆ, ಇಬ್ಬಿಬ್ಬರಾಗಿ. ಉಳಿಯುವ ಜಾಗದಲ್ಲಿ ಟೆಂಟಿಗಿಂತ ಮೊದಲು ಶೌಚದ ಮರೆ: ನಾಲ್ಕು ಬಿದಿರು, ಎರಡು ಹಳೆಯ ಸೀರೆ, ಕುರ್ಪಿಯಿಂದ ತೋಡಿದ ಒಂದು ಗೇಣು ಆಳದ ಕುಣಿ, ಪಕ್ಕದಲ್ಲಿ ಅಗೆದ ಮಣ್ಣು, ತಂಬಿಗೆ, ಸಾಬೂನು. ಬಾವಿ, ಹಳ್ಳದಿಂದ ಕನಿಷ್ಠ 60 ಮೀಟರ್ ದೂರ. ಮುಟ್ಟಿನ ದಿನ ಬಂದರೂ ಬರಬಹುದೆಂದು ಎಲ್ಲ ಹುಡುಗಿಯರೂ ಪ್ಯಾಡ್ ಇಟ್ಟುಕೊಳ್ಳಲಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಮುಚ್ಚಿದ ಡಬ್ಬಿಯಲ್ಲಿ ಊರಿಗೆ ತರುವುದು, ಕುಣಿಗೆ ಹಾಕುವುದಲ್ಲ. ನಾಯಿ ನರಿ ಕೆದರುತ್ತವೆ.

ಪಾಲಕರಿಂದ ಬರೆಸಿಕೊಳ್ಳಬೇಕಾದ್ದು: ಉಬ್ಬಸ, ಮೂರ್ಛೆರೋಗ, ಅಲರ್ಜಿ, ನಿದ್ದೆಯಲ್ಲಿ ಎದ್ದು ನಡೆಯುವುದು, ಹಾಸಿಗೆ ಒದ್ದೆಯಾಗುವುದು. ಕೊನೆಯದನ್ನು ಮುಚ್ಚಿದ ಚೀಟಿಯಲ್ಲಿ. ಉಬ್ಬಸವಿರುವ ಮಗುವಿನ ಪಂಪು ಅದರ ಜೇಬಿನಲ್ಲೇ ಇರಬೇಕು, ಹಿರಿಯರ ಚೀಲದಲ್ಲಲ್ಲ.

ಹುಡುಗರಿಗೆ ಬೇರೆಯೇ ಒಂದು ನಿಯಮ: ಬಾಡಿ ಸ್ಪ್ರೇ ನಿಷಿದ್ಧ. ಬಂಡೆಯ ಮೇಲೆ ಹೆಜ್ಜೇನು ಕಟ್ಟಿರುತ್ತದೆ; ಗಾಢ ವಾಸನೆ, ಹೊಗೆ, ಕಲ್ಲೆಸೆತ ಮೂರೂ ಅವನ್ನು ಕೆರಳಿಸುತ್ತವೆ. ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ಕೈ ಬೀಸಬಾರದು.

ಕಣದ ಮೇಲೆ ಟೆಂಟು

ಸುಗ್ಗಿ ಮುಗಿದ ಕಣ ಸಿಕ್ಕರೆ ಅದಕ್ಕಿಂತ ಸಮನಾದ ನೆಲವಿಲ್ಲ. ಆದರೆ ಬಣವಿಯಿಂದ ಇಪ್ಪತ್ತು ಹೆಜ್ಜೆ ದೂರ ಸರಿಯಿರಿ: ಕಾಳಿಗೆ ಇಲಿ, ಇಲಿಗೆ ಹಾವು. ಬಡಿದು ಗಟ್ಟಿ ಮಾಡಿದ ನೆಲದಲ್ಲಿ ಟೆಂಟಿನ ತೆಳು ಗೂಟ ಬಾಗುತ್ತದೆ, ಹೊಡೆಯುವ ಮುಂಚೆ ಆ ಜಾಗಕ್ಕೆ ನೀರು ಹಾಕಿ ಹತ್ತು ನಿಮಿಷ ಬಿಡಿ. ಗರಸಿನಲ್ಲಿ ಗೂಟ ಇಳಿದರೂ ಹಿಡಿಯುವುದಿಲ್ಲ. ಅಲ್ಲಿ ತೆಂಗಿನಕಾಯಿಯ ಎರಡು ಪಟ್ಟು ದಪ್ಪದ ಕಲ್ಲಿಗೆ ಹಗ್ಗ ಸುತ್ತಿ, ಅದರ ಮೇಲೆ ಇನ್ನೊಂದು ಕಲ್ಲು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಮಕ್ಕಳು ಗಾಳಿಯಿಲ್ಲದ ಸಂಜೆಯಲ್ಲಿ ಹಗ್ಗ ಕಟ್ಟದೆ ಬಿಡುತ್ತಾರೆ, ಗಾಳಿ ಏಳುವುದು ನಡುರಾತ್ರಿ. ತುಂಬಿದ ಚೀಲಗಳನ್ನು ಒಳಗಿನ ನಾಲ್ಕು ಮೂಲೆಗೆ ಇಡಿಸಿ.

ಟೆಂಟಿನ ಜಿಪ್ ಯಾವಾಗಲೂ ಮುಚ್ಚಿರಬೇಕು. ಕ್ರೇಟ್ ಜಾತಿಯ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚುತ್ತದೆ, ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಬೂಟು ಟೆಂಟಿನೊಳಗೆ, ಬೆಳಿಗ್ಗೆ ಕವುಚಿ ಬಡಿದು ಹಾಕಿಕೊಳ್ಳುವುದು. ತಿಂಡಿ ಟೆಂಟಿನಲ್ಲಿ ಬೇಡ, ಎಲ್ಲ ವಾಹನಕ್ಕೆ. ಹಾವು ಕಚ್ಚಿದರೆ ಬಿಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಇಲ್ಲ. ಉಂಗುರ, ಕಾಲ್ಗೆಜ್ಜೆ ತೆಗೆದು, ಆ ಕೈಕಾಲು ಅಲುಗದಂತೆ ಕೋಲು ಕಟ್ಟಿ, ಮಗುವನ್ನು ನಡೆಸದೆ ಎತ್ತಿಕೊಂಡು ವಾಹನಕ್ಕೆ. 108ಕ್ಕೆ ಕರೆ ಮಾಡುತ್ತಲೇ ಹೊರಡಿ. ಹಾವಿನ ವಿಷದ ಚುಚ್ಚುಮದ್ದು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯೆಂದು ಹೋಗುವ ವಾರವೇ ಫೋನ್ ಮಾಡಿ ಕೇಳಿಟ್ಟುಕೊಂಡಿರಬೇಕು. ಚೇಳು ಕಡಿದ ಮಗು ಬೆವತು, ಕೈಕಾಲು ತಣ್ಣಗಾಗಿ, ವಾಂತಿ ಮಾಡಿದರೂ ಅದೇ ಓಟ. ವಾಹನ ರಾತ್ರಿಯಿಡೀ ರಸ್ತೆಗೆ ಮುಖ ಮಾಡಿ ನಿಂತಿರಲಿ, ಕೀಲಿಕೈ ಎಲ್ಲಿದೆಯೆಂದು ಮೂವರು ಹಿರಿಯರಿಗೂ ಗೊತ್ತಿರಲಿ.

ಸೀಟಿ ಮೂರು ಸಲ ಊದಿದರೆ ಆಪತ್ತು. ತಮಾಷೆಗೆ ಊದಿದವರು ಪಾತ್ರೆ ತಿಕ್ಕಬೇಕು. ನಿದ್ದೆಯ ವಿಷಯದಲ್ಲಿ ಹೆಚ್ಚು ಹಟ ಬೇಡ. ಹನ್ನೊಂದರವರೆಗೆ ಪಿಸುಮಾತು ಇರುತ್ತದೆ, ಇರಲಿ.

ಬೆಳಿಗ್ಗೆ ಟೆಂಟಿನ ಒಳಮೈ ಉಸಿರಿನ ತೇವದಿಂದ ಒದ್ದೆಯಾಗಿರುತ್ತದೆ, ಬಿಸಿಲಿಗೆ ಅರ್ಧ ತಾಸು ಹರವಿ ಮಡಚಿ. ಒದ್ದೆ ಮಡಚಿದರೆ ವಾರದಲ್ಲಿ ಬೂಸರು. ಎಲ್ಲರೂ ಒಂದು ಸಾಲಿನಲ್ಲಿ ಕೈಯಳತೆ ದೂರಕ್ಕೆ ನಿಂತು ಕಣದ ಆ ತುದಿಯಿಂದ ಈ ತುದಿಗೆ ಕಸ ಹೆಕ್ಕುತ್ತ ಬರಲಿ. ಕೊನೆಗೆ ಗೂಟ ಎಣಿಸಿ. ಟೆಂಟಿಗೆ ಎಷ್ಟೆಂದು ಚೀಲದ ಮೇಲೆ ಮೊದಲೇ ಬರೆದಿರಬೇಕು. ಒಂದು ಕಡಿಮೆ ಬಂದರೆ ಸಿಗುವ ತನಕ ಯಾರೂ ವಾಹನ ಹತ್ತುವ ಹಾಗಿಲ್ಲ. ನಾಳೆ ಅದೇ ಕಣದಲ್ಲಿ ಎತ್ತು ಕಾಲಿಡುತ್ತದೆ.